ಗ್ಲೌಸ್ ಕೇಳಿದ ಅಕ್ಕನಿಗೆ

ಅಕ್ಕಾ,

ನಾವೆಲ್ಲ ಚೆನ್ನಾಗಿದ್ದೀವಿ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಜೋರಾಗಿದೆ.

ನಾವು ಕೆಲಸ ಮಾಡೋ ಬಾಳೆತೋಟಕ್ಕೆ ಈ ವರ್ಷ ಫೇರ್ ಟ್ರೇಡ್ ಮುದ್ರೆ ಸಿಕ್ಕಿದೆ, ಕೂಲಿಯವರನ್ನ ನ್ಯಾಯವಾಗಿ ನಡೆಸ್ಕೊಳ್ಳೋ ತೋಟಕ್ಕೆ ಕೊಡೋದಂತೆ. ಅದಕ್ಕೆ ಕೂಲಿಯವರದ್ದೇ ಒಂದು ಸಮಿತಿ ಇರಬೇಕಂತೆ. ಔಷಧಿ ಹೊಡೆಯೋ ದಿನ ಈಗ ನಮ್ಮನ್ನ ತೋಟದೊಳಗೆ ಬಿಡಲ್ಲ. ಎಲ್ಲರಿಗೂ ಗ್ಲೌಸ್ ಕೊಟ್ಟಿದ್ದಾರೆ. ಅದನ್ನ ಕೇಳಿದ್ದಕ್ಕೇ ನಿನ್ನನ್ನ ಕೆಲಸದಿಂದ ತೆಗೆದ ವಿಷಯ ಮಾತ್ರ ಯಾರೂ ಎತ್ತಲ್ಲ.

ಸಮಿತಿಗೆ ನನ್ನನ್ನ ಆರಿಸಿದರು. ಮೊದಲ ಸಭೆಯಲ್ಲೇ, "ನಮ್ಮಕ್ಕನ್ನ ವಾಪಸ್ ಕರೀರಿ" ಅಂದೆ.

ಮ್ಯಾನೇಜರು, "ತಪ್ಪಾಯ್ತು ಅಂತ ಒಂದು ಅರ್ಜಿ ಕೊಡಲಿ, ನೋಡೋಣ" ಅಂದರು.

"ಅರ್ಜಿ ಕೊಡ್ತಾಳೆ ಸಾರ್. ತಪ್ಪಾಯ್ತು ಅಂತ ಬರೆಯಲ್ಲ" ಅಂದೆ. ಸಭೆಗೆ ಬಂದಿದ್ದ ಹಣ್ಣು ತೊಳೆಯೋ ಹೆಂಗಸರೆಲ್ಲ ನನ್ನ ಹಿಂದೆ ಎದ್ದು ನಿಂತರು. ಮ್ಯಾನೇಜರು ಅವರನ್ನೆಲ್ಲ ಒಮ್ಮೆ ನೋಡಿ, "ಆಯ್ತು, ಅರ್ಜಿ ಕೊಟ್ಟು ಕೆಲಸಕ್ಕೆ ಬರಲಿ" ಅಂದರು.

ಸೋಮವಾರದೊಳಗೆ ಅರ್ಜಿ ಕಳಿಸು. ಹೆಸರು, ಎಷ್ಟು ವರ್ಷ ಕೆಲಸ ಮಾಡಿದೆ ಅನ್ನೋದು, ಇಷ್ಟೇ ಸಾಕು. ಹಳೇ ಗುರುತಿನ ಚೀಟಿ ಇದ್ದರೆ ಜೊತೆಗಿಡು.

ಅವತ್ತು ನಿನ್ನನ್ನ ಗೇಟಿನಾಚೆ ಕಳಿಸುವಾಗ ನಾನು ತಲೆ ಎತ್ತದೆ ಹಣ್ಣು ತೊಳೀತಾ ಇದ್ದೆ. ನೀನು ಅದರ ಬಗ್ಗೆ ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬರೋ ದಿನ ತಿಳಿಸು. ನಾನು ಗೇಟಿನ ಹತ್ತಿರ ನಿಂತಿರ್ತೀನಿ.

ನಿನ್ನ ತಂಗಿ