ಆಟಿಯಲ್ಲಿ ನನಗೆ ಹಾಕಿದ ಎಲೆ

ಮದರಾಸು, ೨೦-೮-೧೯೬೩

ಅಮ್ಮನಿಗೆ ಸರಸಳ ನಮಸ್ಕಾರಗಳು.

ನಾನು ಇದ್ದೇನೋ ಇಲ್ಲವೋ ಎಂದು ಕೇಳಿ ಕುಸುಮಕ್ಕ ಸಿನೆಮಾ ಕಂಪೆನಿಗೆ ಬರೆದ ಕಾಗದ ನಿನ್ನೆ ಸಿಕ್ಕಿತು. ಇದ್ದೇನೆ. ಅಕ್ಕ ಇದನ್ನು ನಿನಗೆ ತುಳುವಿನಲ್ಲಿ ಓದಿ ಹೇಳಲಿ.

ಗುರುವಾಯನಕೆರೆಯ ಟೆಂಟ್ ಸಿನೆಮಾದಲ್ಲಿ ನಾನು ಬಾವಿಗೆ ಹಾರಿದ್ದು ನೋಡಿ ಅಳುತ್ತಾ ಎದ್ದು ಹೋದೆಯಂತೆ. ಈ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ನನಗೂ ಒಂದು ಎಲೆ ಹಾಕಿದೆಯಂತೆ. ಅದು ಬರೀ ನಟನೆ ಅಮ್ಮ. ಕೆಳಗೆ ಹಾಸಿಗೆ ಹಾಕಿದ್ದರು. ಕೊನೆಯವರೆಗೆ ಕೂತಿದ್ದರೂ ನಿನಗೆ ಸಮಾಧಾನ ಆಗುತ್ತಿರಲಿಲ್ಲ, ಬಿಡು. ಆಮೇಲೆ ನಾನು ದೆವ್ವವಾಗಿಯೇ ಬರುವುದು. ಬೇರೆ ಪಾತ್ರ ನನಗೆ ಕೊಡುವುದಿಲ್ಲ. ನನ್ನನ್ನು ಕಂಡು ಹೆದರಲಿಕ್ಕೆಂದೇ ಜನ ಟಿಕೇಟು ತೆಗೆಯುತ್ತಾರೆ.

ಒಂಬತ್ತು ಸಿನೆಮಾಗಳಲ್ಲಿ ಸತ್ತಿದ್ದೇನೆ. ಎಲೆ ಹಾಕಿದವಳು ನೀನೊಬ್ಬಳೇ. ಪತ್ರೊಡೆಯನ್ನೂ ಇಟ್ಟಿದ್ದೆಯಂತೆ. ಹೇಳದೆ ಮನೆ ಬಿಟ್ಟು ಏಳು ವರ್ಷವಾದರೂ ನನಗೇನು ಇಷ್ಟವೆಂದು ನಿನಗೆ ನೆನಪುಂಟು.

ಮುಂದಿನ ತಿಂಗಳು ಬರುತ್ತೇನೆ. ಮಧ್ಯಾಹ್ನದ ಬಸ್ಸಿಗೇ ಬರುತ್ತೇನೆ, ನೆರೆಯವರು ಹೆದರುವುದು ಬೇಡ. ಪತ್ರೊಡೆ ಮಾಡಿಡು. ಸತ್ತವರಿಗೆ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವಲ್ಲ, ಹಾಗೆ ಮಾಡಬೇಡ. ನಾನು ಉಣ್ಣುವಾಗ ನೀನು ಎದುರು ಕೂತು ಬೈಯಬೇಕು.

ನಿನ್ನ ಮಗಳು,
ಸರಸ