ಪಕ್ಕದವಳ ಗುಂಡು, ನಮ್ಮವಳ ಲೆಕ್ಕ

ಈ ಪತ್ರ ಓದಲು ಕುಳಿತವರು ಯಾರೇ ಆಗಿರಲಿ, ಮೊದಲು ಆ ಆಕಳಿಕೆ ನಿಲ್ಲಿಸಿ ನೆಟ್ಟಗೆ ಕುಳಿತುಕೊಳ್ಳಿ. ಯಾರೋ ಮುದುಕಿ ಪತ್ರಿಕೆಗೆ ಬರೆದಿದ್ದಾಳೆ, ನಲ್ಲಿ ನೀರಿನದೋ ಬೀದಿ ದೀಪದ್ದೋ ಗೋಳಿರಬೇಕು ಎಂದು ಪುಟ ಮಗುಚಬೇಡಿ. ನೀವೆಲ್ಲ ಹೀಗೆ ಮಗುಚಿ ಮಗುಚಿಯೇ ಕಚೇರಿಗಳಲ್ಲಿ ಕುಳಿತವರಿಗೆ ಇಷ್ಟು ನೆಮ್ಮದಿಯ ನಿದ್ದೆ ಬರುತ್ತಿರುವುದು. ಇನ್ನು, ಪಿಸ್ತೂಲು ಸ್ಪರ್ಧೆಯ ಆಯ್ಕೆ ಸಮಿತಿಯ ಅಧ್ಯಕ್ಷರೇ, ನಿಮ್ಮನ್ನು ‘ಮಾನ್ಯರೇ’ ಎಂದು ಕರೆಯಬೇಕಂತೆ. ಕರೆದಿದ್ದೇನೆ. ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು ನಿಮಗೆ ಬಿಟ್ಟದ್ದು.

ನನ್ನ ದೂರು ಇಷ್ಟೇ. ಪಕ್ಕದವಳು ಹಾರಿಸಿದ ಗುಂಡನ್ನು ನೀವು ನನ್ನ ಮೊಮ್ಮಗಳ ಲೆಕ್ಕಕ್ಕೆ ಸೇರಿಸಿ, ಅವಳನ್ನು ತಂಡದಿಂದ ಹೊರಗೆ ಹಾಕಿದ್ದೀರಿ. ಸರಿಪಡಿಸಿ ಎಂದು ಕೇಳಿಕೊಂಡು ಬಂದರೆ, ದೂರು ಹೊತ್ತು ಮೀರಿ ಬಂತು ಎನ್ನುತ್ತೀರಿ. ಆ ದೂರು ಹೊತ್ತಿಗೆ ಸರಿಯಾಗಿಯೇ ಬಂದಿತ್ತು ಸ್ವಾಮಿ. ತಂದವಳು ನಾನೇ.

ನಾನು ಹಳ್ಳಿಯ ಶಾಲೆಯಲ್ಲಿ ಮೂರನೇ ಕ್ಲಾಸು ಮುಟ್ಟುವಷ್ಟರಲ್ಲಿ ತಮ್ಮನನ್ನು ಎತ್ತಿಕೊಳ್ಳಲು ಆಳು ಬೇಕೆಂದು ಮನೆಗೆ ಎಳೆದುಕೊಂಡು ಬಂದರು. ನಿಮ್ಮ ನಿಯಮದ ಪುಸ್ತಕ ನನ್ನ ಕೈಗೆ ಕೊಟ್ಟರೆ ಮುನ್ನುಡಿ ದಾಟುವುದರೊಳಗೆ ಇನ್ನೊಂದು ಆಯ್ಕೆ ಮುಗಿದಿರುತ್ತದೆ. ಆದರೆ ಈ ಆಟ ಹೇಗೆ ನಡೆಯುತ್ತದೆ ಎಂಬುದು ನನಗೆ ಗೊತ್ತು. ಅದು ಬೆಳೆದದ್ದೇ ನನ್ನ ಅಡುಗೆಮನೆಯಲ್ಲಿ.

ಮೊಮ್ಮಗಳನ್ನು ನಾನು ಗೂಬೆ ಎಂದು ಕರೆಯುತ್ತೇನೆ. ಚಿಕ್ಕವಳಿದ್ದಾಗಿನಿಂದ ರೆಪ್ಪೆ ಬಡಿಯದೆ ಒಂದೇ ಕಡೆ ನೋಡುವ ಅಭ್ಯಾಸ. ಅವಳಮ್ಮ, ಅಂದರೆ ನನ್ನ ಮಗಳು, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಹಾಗಾಗಿ ಇವಳನ್ನು ಕಾಯುವ ಪಾಳಿ ನನ್ನದು. ಶಾಲೆಯ ವ್ಯಾಯಾಮದ ಮೇಷ್ಟ್ರು ಇವಳ ನೋಟ ಕಂಡು ಕೈಗೆ ಗಾಳಿ ಪಿಸ್ತೂಲು ಕೊಟ್ಟರು. ಅಂದಿನಿಂದ ಅಡುಗೆಮನೆಯ ಗೋಡೆಯ ಮೇಲೆ ಕರಿ ಕಾಗದದ ಒಂದು ಬಿಲ್ಲೆ ಅಂಟಿತು. ಶಾಲೆಯಿಂದ ಬಂದವಳೇ ಅದರ ಮುಂದೆ ನಿಂತು, ಗುಂಡಿಲ್ಲದ ಪಿಸ್ತೂಲನ್ನು ಎತ್ತುವುದು, ಉಸಿರು ಹಿಡಿಯುವುದು, ಇಳಿಸುವುದು. ಬಲಗೈಯಲ್ಲಿ ಬಕೆಟ್ ಎತ್ತುವಂತಿಲ್ಲ, ಮಣಿಕಟ್ಟು ಉಳುಕೀತೆಂದು ಸೈಕಲ್ ತುಳಿಯುವಂತಿಲ್ಲ. ಗೆಳತಿಯರು ಚೆಂಡು ಎಸೆದಾಡುವಾಗ ಇವಳು ಕೈ ಕಟ್ಟಿಕೊಂಡು ನಿಂತಿರುತ್ತಿದ್ದಳು. ‘ನಿನ್ನ ಕೈಯೇನು ಗಾಜಿನದಾ?’ ಎಂದು ಅವರು ರೇಗಿಸುತ್ತಿದ್ದರು. ‘ಹೌದು’ ಎಂದು ಇವಳು ನಗದೆ ಹೇಳುತ್ತಿದ್ದಳು.

ಇವಳಿಗೆ ಎರಡು ದೌರ್ಬಲ್ಯಗಳಿದ್ದವು. ಒಂದು, ಪ್ರತಿ ಹೊಡೆತದ ನಂತರ ತನ್ನ ಮುಂದಿನ ಪುಟ್ಟ ಪರದೆಯ ಮೇಲೆ ಅಂಕ ನೋಡಿ, ಕಡಿಮೆ ಬಂದಿದ್ದರೆ ಕುಸಿದು ಹೋಗುವುದು. ಮೇಷ್ಟ್ರು ಆ ಪರದೆಯ ಕಡೆ ಕಣ್ಣೇ ಹಾಯಿಸದಂತೆ ಪಳಗಿಸಿದರು. ಮುಂದಿನ ತಟ್ಟೆಯಲ್ಲಿ ಅರವತ್ತು ಗುಂಡು ಇಟ್ಟುಕೊಳ್ಳುವುದು, ತಟ್ಟೆ ಬರಿದಾದಾಗ ಆಟ ಮುಗಿಯಿತು, ಅಷ್ಟೇ. ಎರಡನೆಯದು, ಸದ್ದಿಗೆ ಬೆದರುವುದು. ಅದಕ್ಕೆ ಮೇಷ್ಟ್ರು ನನ್ನನ್ನು ನೇಮಿಸಿದರು.

‘ಅಜ್ಜೀ, ಅವಳು ಕೈ ಎತ್ತಿದಾಗೆಲ್ಲ ನೀವು ಸುಮ್ನಿರಬಾರ್ದು. ಕೂಗಾಡ್ಬೇಕು.’

‘ಅದಕ್ಕೆ ಹೊಸದಾಗಿ ಕಲೀಬೇಕಾ ಮೇಷ್ಟ್ರೇ? ಮದುವೆ ಆದಾಗಿಂದ ಅದೇ ಕೆಲಸ.’

ಅಂದಿನಿಂದ ಅವಳು ಗುರಿ ಹಿಡಿದರೆ ನಾನು ಪಾತ್ರೆ ಕುಕ್ಕುತ್ತಿದ್ದೆ. ‘ಗೂಬೇ, ಹಾಲು ಉಕ್ಕಿತು! ಗೂಬೇ, ಬಾಗಿಲಲ್ಲಿ ಯಾರೋ ಬಂದ್ರು! ಅಯ್ಯೋ ಬಿದ್ದೆ ಕಣೇ!’ ಒಂದು ಸಲ ನಿಜವಾಗಿಯೂ ಜಾರಿ ಬಿದ್ದೆ. ಅವಳು ಕೈ ಇಳಿಸಿದ ಮೇಲೆಯೇ ತಿರುಗಿ ನೋಡಿ, ‘ಇವತ್ತು ಚೆನ್ನಾಗಿ ಮಾಡ್ದೆ ಅಜ್ಜಿ’ ಎಂದಳು. ಸೊಂಟ ನೋಯುತ್ತಿದ್ದರೂ ನನಗೆ ಹೆಮ್ಮೆಯಾಯಿತು. ನನ್ನ ದನಿ ಅವಳ ಕಿವಿಗೆ ಬಿದ್ದರೂ ಒಳಗೆ ಇಳಿಯದಂತೆ ವರ್ಷಗಟ್ಟಲೆ ಕಲಿಸಿದೆವು. ಆ ವಿದ್ಯೆಯಿಂದಲೇ ಅವಳು ಒಂದೊಂದೇ ಮೆಟ್ಟಿಲು ಹತ್ತಿ ನಿಮ್ಮ ಸಭಾಂಗಣದವರೆಗೆ ಬಂದಳು.

ಆ ದಿನ ನಾನು ಕೊನೆಯ ಸಾಲಿನಲ್ಲಿದ್ದೆ. ನೋಡಲು ಬಂದವರಿಗೆಂದು ನೀವೇ ಮೇಲೆ ದೊಡ್ಡ ಪರದೆ ಹಾಕಿಸಿದ್ದಿರಿ. ಯಾರ ಗುಂಡು ಎಲ್ಲಿ ಬಿತ್ತು ಎಂದು ಅದರಲ್ಲಿ ಕಾಣುತ್ತದೆ. ಆಟ ಅರ್ಧ ದಾಟಿತ್ತು. ನಮ್ಮವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಅಂಗೈ ಬೆವರು ಒರೆಸಿಕೊಳ್ಳುತ್ತಿದ್ದಳು. ಆಗ ಅವಳ ಗುರಿಯ ಅಂಚಿನಲ್ಲಿ ಪಟ್ಟನೆ ಒಂದು ಚುಕ್ಕಿ ಮೂಡಿತು. ಪಕ್ಕದ ಲೇನಿನ ಹುಡುಗಿಯ ತೋಳು ಇನ್ನೂ ಮೇಲೆಯೇ ಇತ್ತು. ಈ ಆಟದಲ್ಲಿ ಹೀಗಾಗುವುದುಂಟು. ಸಾಲಾಗಿ ಒಂದೇ ಥರದ ಗುರಿಗಳು, ದಣಿದ ಕಣ್ಣು, ಯಾರೋ ಒಬ್ಬರು ಪಕ್ಕದ ಗುರಿಗೆ ಹೊಡೆದುಬಿಡುತ್ತಾರೆ.

ನಾನು ಎದ್ದು ನಿಂತೆ. ‘ಗೂಬೇ, ಅದು ನಿಂದಲ್ಲ ಕಣೇ!’ ಎಂದು ಕೂಗಿದೆ.

ಅವಳು ಅಲುಗಲಿಲ್ಲ. ಯಾಕೆ ಅಲುಗುತ್ತಾಳೆ? ಅಲುಗಬಾರದೆಂದು ಕಲಿಸಿದವಳು ನಾನೇ ಅಲ್ಲವೇ? ಬೆವರು ಒರೆಸಿ ಮುಗಿಸಿ, ಇನ್ನೊಂದು ಗುಂಡು ತುಂಬಿದಳು. ಅಲುಗಿದವನು ನಿಮ್ಮ ಕಡೆಯ ಬ್ಯಾಡ್ಜು ಸಿಕ್ಕಿಸಿಕೊಂಡ ಮೇಲ್ವಿಚಾರಕ. ಓಡಿಬಂದ.

‘ಶ್! ಅಜ್ಜಿ, ಕೂತ್ಕೊಳ್ಳಿ. ಇಲ್ಲಿ ಮಾತಾಡಂಗಿಲ್ಲ.’

‘ಅಪ್ಪಾ, ಅವಳು ಕೈಯನ್ನೇ ಎತ್ತಿಲ್ಲ. ಆ ಚುಕ್ಕಿ ಎಲ್ಲಿಂದ ಬಂತು ನೋಡು.’

‘ಇನ್ನೊಂದ್ಸಲ ಬಾಯಿ ಬಿಟ್ರೆ ಹೊರಗೆ ಕಳಿಸ್ತೀನಿ.’

ಹೊರಗೆ ಹೋದರೆ ಅವಳನ್ನು ನೋಡುವವರಿಲ್ಲ. ಬಾಯಿ ಮುಚ್ಚಿಕೊಂಡೆ. ಕೊನೆಗೆ ಗುಂಡು ಎಣಿಸುವ ನಿಮ್ಮ ಯಂತ್ರ ಅರವತ್ತಾಯಿತು ಎಂದಿತು, ಪಿಸ್ತೂಲು ಕೆಳಗಿಡಿ ಎಂದರು. ನಮ್ಮವಳ ತಟ್ಟೆಯಲ್ಲಿ ಒಂದು ಗುಂಡು ಉಳಿದಿತ್ತು. ಅವಳು ಅದನ್ನೇ ದಿಟ್ಟಿಸಿ ನಿಂತಿದ್ದಳು. ಹೊರಗೆ ಬಂದು ನನಗೆ ಹೇಳಿದ್ದೇನು ಗೊತ್ತೇ? ‘ನಾನೇ ಒಂದು ಜಾಸ್ತಿ ಇಟ್ಕೊಂಡಿದ್ದೆ ಅನ್ಸತ್ತೆ ಅಜ್ಜಿ.’ ಯಂತ್ರ ತಪ್ಪಿರಲಾರದು, ಸಮಿತಿ ತಪ್ಪಿರಲಾರದು, ತಪ್ಪಿದ್ದರೆ ತಾನೇ ಎಂದುಕೊಂಡಳು. ಇಷ್ಟು ವಿಧೇಯ ಮಕ್ಕಳು ನಿಮಗೆ ಸಿಕ್ಕಿರುವುದು ನಿಮ್ಮ ಪುಣ್ಯ.

ಅಂಚಿಗೆ ಬಿದ್ದ ಆ ಒಂದು ಗುಂಡಿನಿಂದ ನಮ್ಮವಳು ತಂಡದ ಕೊನೆಯ ಜಾಗ ಕಳೆದುಕೊಂಡಳು. ಆ ಜಾಗ ಸಿಕ್ಕಿದ್ದು ಯಾರಿಗೆ? ಪಕ್ಕದ ಲೇನಿನವಳಿಗೆ.

ಮರುದಿನ ನಿಮ್ಮ ಕೋಣೆಗೆ ಬಂದಿದ್ದೆ. ನೆನಪಿರಬಹುದು. ನೀವು ಫ್ಯಾನಿನ ಕೆಳಗಿದ್ದಿರಿ, ನಾನು ಬಾಗಿಲ ಬಳಿ ಇದ್ದೆ.

‘ಆ ಕ್ಷಣದಲ್ಲೇ ಆಟಗಾರ್ತಿ ಕೈ ಎತ್ತಿ ಹೇಳ್ಬೇಕಿತ್ತಮ್ಮ’ ಎಂದಿರಿ.

‘ಅವಳು ಪರದೆ ನೋಡಲ್ಲ ಸ್ವಾಮಿ. ನಾನು ಹೇಳಿದ್ನಲ್ಲ, ಆ ಕ್ಷಣದಲ್ಲೇ.’

‘ಪ್ರೇಕ್ಷಕರು ಹೇಳಿದ್ದು ದೂರಾಗಲ್ಲ. ಮೇಲಾಗಿ ನಿಮ್ಮ ವಯಸ್ಸಿನ ಕಣ್ಣು…’

ನನ್ನ ಕಣ್ಣಿನ ಪೊರೆ ತೆಗೆಸಿಯಾಗಿದೆ ಸ್ವಾಮಿ, ನಿಮ್ಮ ಕೋಣೆಯ ಮೂಲೆಯ ಜೇಡರ ಬಲೆಯನ್ನೂ ಕಂಡೆ. ಗುಂಡು ಸಣ್ಣದು, ಒಪ್ಪುತ್ತೇನೆ. ತೋಳು ಸಣ್ಣದೇ? ಎತ್ತಿದ ತೋಳಿಗೂ ಇಳಿಸಿದ ತೋಳಿಗೂ ವ್ಯತ್ಯಾಸ ಕಾಣಲು ದುರ್ಬೀನು ಬೇಕೇ? ನಮ್ಮ ಬಾಗಿಲಲ್ಲಿ ಒಂದು ಚಪ್ಪಲಿ ಹೆಚ್ಚಾಗಿ, ಪಕ್ಕದ ಮನೆಯಲ್ಲಿ ಒಂದು ಕಡಿಮೆಯಾದರೆ ಯಾವ ಮನೆಯವರಾದರೂ ಸಮಿತಿ ಕರೆಯುತ್ತಾರೆಯೇ? ಮಾತಾಡಿದರೆ ಹೊರಗೆ, ಮಾತಾಡದಿದ್ದರೆ ಹೊತ್ತು ಮೀರಿತು. ನಿಮ್ಮ ಸಭಾಂಗಣದಲ್ಲಿ ಸತ್ಯ ಹೇಳಲು ಯಾವ ಬಾಗಿಲಿಂದ ಬರಬೇಕು? ಅದನ್ನಾದರೂ ತಿಳಿಸಿ.

ಇನ್ನೂ ಇದೆ, ಕೇಳಿ. ಕಳೆದ ವಾರ ನಮ್ಮ ಬಾಗಿಲು ತಟ್ಟಿದವಳು ಆ ಪಕ್ಕದ ಲೇನಿನ ಹುಡುಗಿಯೇ. ಬಾಯಿಗೆ ಬಂದದ್ದು ಬೈಯಬೇಕೆಂದು ತಯಾರಾಗಿ ಬಾಗಿಲು ತೆರೆದೆ. ಅವಳ ಮುಖ ನೋಡಿ ಒಳಗೆ ಕರೆದೆ. ಚಹಾ ಕೊಟ್ಟೆ. ಲೋಟ ಹಿಡಿದ ಕೈ ನಡುಗುತ್ತಿತ್ತು. ಶೂಟರಿನ ಕೈ!

‘ಅಜ್ಜಿ, ನಾನು ಹೊಡೆದೆ, ನನ್ನ ಪರದೇಲಿ ಏನೂ ಬರ್ಲಿಲ್ಲ. ಯಂತ್ರ ಕೈ ಕೊಡ್ತು ಅಂದ್ಕೊಂಡು ಡಬ್ಬಿಯಿಂದ ಇನ್ನೊಂದು ತಗೊಂಡು ಹೊಡೆದೆ. ಇವಳ ತಟ್ಟೇಲಿ ಒಂದು ಉಳೀತು ಅಂತ ಆಮೇಲೆ ಗೊತ್ತಾಯ್ತು.’

‘ಕಚೇರೀಲಿ ಹೇಳಿದ್ಯಾ?’

‘ಹೇಳ್ದೆ. ನಿನ್ನ ಆಯ್ಕೆ ಆಗಿದೆಯಲ್ಲ, ಸುಮ್ನಿರು ಅಂದ್ರು.’

ಹುಡುಗಿಗೆ ಇರುವ ನಿಯತ್ತಿನಲ್ಲಿ ಅರ್ಧ ನಿಮಗಿದ್ದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ತಂಡದ ಬಟ್ಟೆ ತೊಟ್ಟು ಕನ್ನಡಿ ನೋಡಲಾಗುತ್ತಿಲ್ಲ ಎಂದು ಅತ್ತಳು. ಒಂದೇ ತಪ್ಪನ್ನು ಮುಚ್ಚಲು ನೀವು ಇಬ್ಬರು ಮಕ್ಕಳ ಕೈ ಕೆಡಿಸಿದ್ದೀರಿ.

ನಮ್ಮವಳ ಕೈ ಏನಾಗಿದೆ ಎಂದು ಕೇಳುವಿರಾ? ಮೊನ್ನೆ ನಾನು ಅಭ್ಯಾಸಬಲದಿಂದ ಪಾತ್ರೆ ಕುಕ್ಕಿದೆ. ಅವಳು ಬೆಚ್ಚಿಬಿದ್ದಳು. ಗೋಡೆಯ ಕರಿ ಬಿಲ್ಲೆಯನ್ನು ತಾನೇ ಕಿತ್ತುಹಾಕಿದ್ದಾಳೆ. ಬಲಗೈಯಲ್ಲಿ ಬಕೆಟ್ ಎತ್ತುತ್ತಿದ್ದಾಳೆ, ಬೇಕೆಂದೇ ತುಂಬಿದ್ದನ್ನು. ‘ಇನ್ನು ಈ ಕೈ ಯಾರಿಗೆ ಬೇಕು ಅಜ್ಜಿ?’ ಎನ್ನುತ್ತಾಳೆ. ಕಿರಿಯರ ವಿಭಾಗದಲ್ಲಿ ಇದು ಅವಳ ಕೊನೆಯ ವರ್ಷ, ಮುಂದಿನ ತಿಂಗಳು ತಂಡ ವಿಮಾನ ಹತ್ತುತ್ತದೆ. ಬಾಗಿಲು ಎಷ್ಟು ಕಿರಿದಾಗಿದೆ ಎಂದು ಅವಳಿಗೂ ಗೊತ್ತು, ನಿಮಗೂ ಗೊತ್ತು.

ಹಾಗೆಂದು ಜಾಗವನ್ನು ಪುಕ್ಕಟೆ ಕೊಡಿ ಎಂದು ಕೇಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಅವಳದಲ್ಲದ ಗುಂಡನ್ನು ಲೆಕ್ಕದಿಂದ ತೆಗೆಯಿರಿ. ಅವಳದಾದ ಗುಂಡನ್ನು ಹೊಡೆಯಲು ಬಿಡಿ. ಒಂದೇ ಒಂದು ಗುಂಡು. ನಡುವಿಗೆ ಬಿದ್ದರೆ ಅವಳು ಹೋಗುತ್ತಾಳೆ, ತಪ್ಪಿದರೆ ಪಕ್ಕದವಳು ತಲೆ ಎತ್ತಿಕೊಂಡು ಹೋಗುತ್ತಾಳೆ. ಇದಕ್ಕೆ ಆ ಹುಡುಗಿ ಒಪ್ಪಿದ್ದಾಳೆ, ಪಕ್ಕದಲ್ಲೇ ಬಂದು ನಿಲ್ಲುತ್ತೇನೆ ಎಂದಿದ್ದಾಳೆ. ನಮ್ಮವಳು ಇನ್ನೂ ಹೂಂ ಎಂದಿಲ್ಲ. ಕರಿ ಬಿಲ್ಲೆಯನ್ನು ನಾನೇ ಮತ್ತೆ ಅಂಟಿಸಿದ್ದೇನೆ, ಸೊಟ್ಟಗೆ ಅಂಟಿದೆ. ನಿನ್ನೆ ಅವಳು ಅದರ ಮುಂದೆ ಹಾದುಹೋಗುವಾಗ ನಿಂತು, ಅದನ್ನು ನೆಟ್ಟಗೆ ಮಾಡಿ ಹೋದಳು.

ಉಳಿದ ಆ ಗುಂಡು ನನ್ನ ಕನ್ನಡಕದ ಡಬ್ಬಿಯಲ್ಲಿದೆ. ನೀವು ಕರೆದ ದಿನ ತರುತ್ತೇನೆ. ಬರುವ ತಿಂಗಳು ಹುಟ್ಟುವ ಮೊದಲು ಇದೇ ಪತ್ರಿಕೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಸಭಾಂಗಣದ ಕೊನೆಯ ಸಾಲಿನಲ್ಲಿ ಬಾಯಿ ಮುಚ್ಚಿಸಿಕೊಂಡ,
ಮನೆಯಲ್ಲಿ ಎಷ್ಟು ಕೂಗಿದರೂ ಯಾರೂ ತಿರುಗಿ ನೋಡದ
ಗೂಬೆಯ ಅಜ್ಜಿ