ಪದ್ಮಿನಿ ಕಾರಿನ ವಿಚಾರ

ಮಲ್ಲಿಪಟ್ಟಣ
ಜನವರಿ 8

ಹಾಸನದ ರವೀಂದ್ರ ಮಾವನಿಗೆ ಸುಚಿತ್ರಾ ಮಾಡುವ ನಮಸ್ಕಾರ.

ನಿಮ್ಮ ಹಳೆಯ ಪದ್ಮಿನಿ ಕಾರು ನಮ್ಮ ಶೆಡ್ಡಿನಲ್ಲಿ ಚೆನ್ನಾಗಿದೆ. ಈ ಚಳಿಗೆ ಬ್ಯಾಟರಿ ಇಳಿದುಹೋಗಬಾರದೆಂದು ನೀವು ಹೇಳಿದಂತೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ರಾಗಿ ಕೊಯ್ಲಾದ ಮೇಲೆ ಇಲಿಗಳು ಮನೆ ಕಡೆ ಬಂದಿವೆ. ಅವು ವೈರು ಕಡಿಯದಿರಲೆಂದು ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದ್ದೇನೆ.

ಮಂಗಳವಾರ ಕಣದ ಧೂಳಿಗೆ ಅವ್ವನಿಗೆ ಉಸಿರು ಕಟ್ಟಿತು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. “ಸ್ಟೇರಿಂಗ್ ತಿರುಗ್ಸಿದ್ರೆ ಕೈ ಮುರೀತೀನಿ ಕಣೇ” ಎಂದು ನೀವು ಹೇಳಿದ್ದು ನೆನಪಿತ್ತು. ಆದರೂ ಅರಕಲಗೂಡು ಆಸ್ಪತ್ರೆಗೆ ನಾನೇ ಓಡಿಸಿಕೊಂಡು ಹೋದೆ. ಹೊಗೆಸೊಪ್ಪು ತೆಗೆಯುವುದನ್ನು ಮರೆತಿದ್ದೆ. ಎಂಜಿನ್ ಕಾದಂತೆ ಘಾಟು ಒಳಗೆ ಬಂದು ಇಬ್ಬರೂ ಸೀನಿದ್ದೇ ಸೀನಿದ್ದು.

“ಧೂಳ್ಗೆ ಸಾಯ್ದಿದ್ದೋಳ್ನ ಘಾಟ್ಗೆ ಸಾಯಿಸ್ಬುಡ್ತೀಯ ಕಣೇ, ಕಿಟಕಿ ಇಳ್ಸು!” ಎಂದು ಅವ್ವ ಬೈದಳು. ಬೈಯುವಷ್ಟು ಉಸಿರಿದೆಯಲ್ಲ ಎಂದು ನನಗೆ ಧೈರ್ಯ ಬಂತು.

ಈಗ ಅವ್ವ ಹುಷಾರಾಗಿದ್ದಾಳೆ. ಕಾರಿಗೆ ಒಂದು ಗೀರೂ ಆಗಿಲ್ಲ.

ಸಂಕ್ರಾಂತಿ ಕಳೆದ ಭಾನುವಾರ ಹಳೆ ಕಾರಿನವರೆಲ್ಲ ಹಾಸನದಲ್ಲಿ ಸೇರುತ್ತೀರಂತೆ. ಕಾರು ಒಯ್ಯಲು ನೀವು ಬಸ್ಸಿನಲ್ಲಿ ಇಲ್ಲಿಗೆ ಬರುವುದು ಬೇಡ. ನಾನು ಹೋದ ವರ್ಷವೇ ಲೈಸೆನ್ಸ್ ಮಾಡಿಸಿದ್ದೇನೆ, ನಿಮಗೆ ಹೇಳಲು ನಾಚಿಕೆಯಾಗಿತ್ತು. ನಾನೇ ಓಡಿಸಿಕೊಂಡು ಬರಲೇ?

ಬೇಡವೆಂದರೆ ಫೋನಿನಲ್ಲಿ ಬೈಯಬೇಡಿ, ನನಗೆ ಉತ್ತರ ಹೇಳಲು ಬರುವುದಿಲ್ಲ. ಕಾಗದ ಬರೆಯಿರಿ. ಶನಿವಾರದೊಳಗೆ ಕಾಗದ ಬಾರದಿದ್ದರೆ, ಆ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ.

ನಿಮ್ಮ ಅಕ್ಕನ ಮಗಳು,
ಸುಚಿತ್ರಾ